ಗ್ಯಾಸ್ ಕೊನೆಗೆ ಬರಲಿ

ಭಾಗ 1: ಉತ್ತರ ಮೊದಲೇ ಹೇಳ್ತೀನಿ

ಮೊನ್ನೆ ನನ್ನ ಟ್ಯಾಂಕ್ ಫೋಟೊ ಹಾಕಿದ ಮೇಲೆ ಬಂದ ಡಿಎಂಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಯಾವ ಸಿಓ2 ಕಿಟ್ ತಗೋಬೇಕು?" ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯೋ ಬದಲು ಇಲ್ಲೇ ಹೇಳಿಬಿಡ್ತೀನಿ.

ನನ್ನ ಉತ್ತರ ತುಂಬಾ ಜನಕ್ಕೆ ಇಷ್ಟ ಆಗಲ್ಲ: ಈಗ ಯಾವುದನ್ನೂ ತಗೋಬೇಡಿ. ಮೊದಲ ಆರು ತಿಂಗಳು ಗ್ಯಾಸ್ ಇಲ್ಲದೆ ಗಿಡ ಬೆಳೆಸಿ. ಆಮೇಲೂ ಬೇಕು ಅನ್ನಿಸಿದ್ರೆ ಪೂರ್ತಿ ಸೆಟಪ್ ಹಾಕಿ. ಅರ್ಧಂಬರ್ಧ ಮಾತ್ರ ಬೇಡವೇ ಬೇಡ.

ಅಂದ ಹಾಗೆ, ಆ ಫೋಟೊದಲ್ಲಿ ಇರೋ ಟ್ಯಾಂಕ್‌ಗೆ ಗ್ಯಾಸ್ ಇಲ್ಲ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಮಣ್ಣು, ಕಲ್ಲು ಎಲ್ಲಾ ಕಳೆದ್ರೆ ಸುಮಾರು 50 ಲೀಟರ್ ನೀರು. ಇನ್ಮುಂದೆ ಹೇಳೋ ಲೆಕ್ಕ ಎಲ್ಲಾ ಈ ಅಳತೆಗೇ.

ಭಾಗ 2: ನಾನು ಮಾಡಿದ ತಪ್ಪು

ಫಸ್ಟ್ ಇಯರ್‌ನಲ್ಲಿ ಒಂದು ರೀಲ್ ನೋಡಿದೆ. ಪ್ಲಾಸ್ಟಿಕ್ ಬಾಟ್ಲಿಗೆ ಸಕ್ಕರೆ, ಯೀಸ್ಟ್, ಉಗುರುಬೆಚ್ಚಗಿನ ನೀರು. ಮುಚ್ಚಳಕ್ಕೆ ತೂತು, ಒಂದು ಪೈಪ್, ಅಷ್ಟೇ. ಖರ್ಚು ಐವತ್ತು ರೂಪಾಯಿನೂ ಆಗಲ್ಲ. ಮಾಡಿದೆ. ಎರಡು ದಿನ ಏನೂ ಬರ್ಲಿಲ್ಲ. ತಾಳ್ಮೆ ಇಲ್ಲದೆ ಮೂರನೇ ದಿನ ಇನ್ನೊಂದಿಷ್ಟು ಯೀಸ್ಟ್, ಇನ್ನೊಂದಿಷ್ಟು ಸಕ್ಕರೆ ಸುರಿದೆ. ಏಪ್ರಿಲ್ ಸೆಕೆ ಬೇರೆ. ಸಂಜೆ ಹೊತ್ತಿಗೆ ಬುಳುಬುಳು ಅಂತ ಗ್ಯಾಸ್. ಎಲೆಗಳ ಮೇಲೆಲ್ಲಾ ಮುತ್ತಿನ ಥರ ಗುಳ್ಳೆ. ತಕ್ಷಣ ಸ್ಟೋರಿ ಹಾಕಿದೆ. ಗ್ಯಾಸ್ ಹಾರಿಹೋಗುತ್ತೆ ಅಂತ ಏರ್ ಪಂಪ್ ಆಫ್ ಮಾಡಿ ಮಲಗಿದೆ.

ಬೆಳಗ್ಗೆ ಎದ್ದಾಗ ಎಂಟು ನಿಯಾನ್ ಟೆಟ್ರಾಗಳಲ್ಲಿ ಮೂರು ತಳದಲ್ಲಿ ಬಿದ್ದಿದ್ವು. ಉಳಿದವು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡ್ತಾ ಇದ್ವು. ಅರ್ಧ ನೀರು ಬದಲಾಯಿಸಿ ಏರ್ ಪಂಪ್ ಹಾಕಿದೆ. ಸಂಜೆಗೆ ಇನ್ನೆರಡು ಹೋದ್ವು. ಆ ಸ್ಟೋರಿ ಪೂರ್ತಿ 24 ಗಂಟೆ ಇತ್ತು. ಮೀನುಗಳು ಅಷ್ಟು ಹೊತ್ತು ಇರ್ಲಿಲ್ಲ.

ಏನಾಯ್ತು ಅಂತ ಆಮೇಲೆ ಕೂತು ಓದಿದೆ. ಬೆಳಕು ಇದ್ದಾಗ ಮಾತ್ರ ಗಿಡ ಸಿಓ2 ತಗೊಂಡು ಆಮ್ಲಜನಕ ಬಿಡುತ್ತೆ. ಲೈಟ್ ಆಫ್ ಆದ್ಮೇಲೆ ಗಿಡವೂ ನಮ್ಮ ಹಾಗೆ ಬರೀ ಉಸಿರಾಡುತ್ತೆ, ಆಮ್ಲಜನಕ ಎಳ್ಕೊಂಡು ಸಿಓ2 ಬಿಡುತ್ತೆ. ಇತ್ತ ಯೀಸ್ಟ್ ರಾತ್ರಿಯಿಡೀ ಕೆಲಸ ಮಾಡ್ತಾನೇ ಇತ್ತು. ಯೀಸ್ಟ್‌ಗೆ ಸ್ವಿಚ್ ಇಲ್ಲ. ನೀರಲ್ಲಿ ಸಿಓ2 ಜಾಸ್ತಿಯಾದ್ರೆ ಮೀನು ತನ್ನ ರಕ್ತದಲ್ಲಿರೋದನ್ನ ಹೊರಗೆ ಹಾಕೋಕಾಗಲ್ಲ. ತಪ್ಪು ರೀಲ್‌ದಲ್ಲ, ನಂದು.

ಭಾಗ 3: ಪಿಯು ಲ್ಯಾಬ್ ನೆನಪಿದೆಯಾ?

ಸೈನ್ಸ್ ತಗೊಂಡಿದ್ದವರಿಗೆ ನೆನಪಿರಬೇಕು. ಬೀಕರ್‌ನಲ್ಲಿ ಹೈಡ್ರಿಲ್ಲಾ, ಅದರ ಮೇಲೆ ಬೋರಲು ಹಾಕಿದ ಫನೆಲ್, ಅದರ ಮೇಲೆ ಟೆಸ್ಟ್ ಟ್ಯೂಬ್. ಚಿಟಿಕೆ ಸೋಡಿಯಂ ಬೈಕಾರ್ಬನೇಟ್ ಹಾಕಿದ್ರೆ ಗುಳ್ಳೆ ಜಾಸ್ತಿ. ಪ್ರಾಕ್ಟಿಕಲ್‌ಗೆ ಮಾರ್ಕ್ಸ್ ಬಂತು, ಮರೆತುಬಿಟ್ವಿ.

ಅದೇ ಪಾಠದಲ್ಲಿ ಬ್ಲ್ಯಾಕ್‌ಮನ್ ಅನ್ನೋರ 1905ರ ನಿಯಮವೂ ಇತ್ತು. ಸರಳವಾಗಿ ಹೇಳಬೇಕಂದ್ರೆ, ಬೆಳಕು, ಸಿಓ2, ಶಾಖ ಇವುಗಳಲ್ಲಿ ಯಾವುದು ಅತಿ ಕಡಿಮೆ ಇದೆಯೋ ಅದೇ ಗಿಡದ ವೇಗವನ್ನು ನಿರ್ಧರಿಸುತ್ತೆ. ಉಳಿದಿದ್ದನ್ನ ಎಷ್ಟು ಸುರಿದ್ರೂ ಪ್ರಯೋಜನ ಇಲ್ಲ. ಎತ್ತಿನ ಗಾಡಿಯಲ್ಲಿ ಒಂದು ಎತ್ತು ಕುಂಟಿದ್ರೆ ಇನ್ನೊಂದಕ್ಕೆ ಎಷ್ಟು ಹುರುಳಿ ಹಾಕಿದ್ರೂ ಗಾಡಿ ಓಡಲ್ಲ.

ಹೊಸಬರ ಟ್ಯಾಂಕ್ ಕೆಡೋದು ಇಲ್ಲೇ. ಮೊದಲು ಜೋರು ಲೈಟ್ ತರ್ತೀವಿ, ಯಾಕಂದ್ರೆ ಫೋಟೊ ಚೆನ್ನಾಗಿ ಬರುತ್ತೆ. ಲೈಟ್ ಜೋರಾದ್ರೆ ಗಿಡಕ್ಕೆ ಸಿಓ2 ಸಾಲಲ್ಲ. ಗಾಳಿಗೆ ಹೋಲಿಸಿದ್ರೆ ನೀರಲ್ಲಿ ಸಿಓ2 ಹರಡೋದು ಸುಮಾರು 10,000 ಪಟ್ಟು ನಿಧಾನ. ಗಿಡ ಸೊರಗುತ್ತೆ, ಆ ಜಾಗಕ್ಕೆ ಪಾಚಿ ಬರುತ್ತೆ. ಆಗ ನಾವು "ಸಿಓ2 ಬೇಕು" ಅಂತೀವಿ. ನಿಜವಾಗಿ ಬೇಕಾಗಿದ್ದು ಲೈಟ್ ಕಡಿಮೆ ಮಾಡೋದು. ಆ ರಿಪೇರಿಗೆ ಖರ್ಚು ಸೊನ್ನೆ.

ಭಾಗ 4: ಗೊಬ್ಬರದ ಅಂಗಡಿಗೆ ಹೋಗಿ

ಅಕ್ವೇರಿಯಂ ಅಂಗಡಿಯ ಚಿಕ್ಕ ಬಾಟ್ಲಿ ಗೊಬ್ಬರದ ಹಿಂದೆ ಏನಿದೆ ಅಂತ ಓದಿ. ಹೆಚ್ಚಿನವುಗಳಲ್ಲಿ ಪೊಟ್ಯಾಶಿಯಂ ನೈಟ್ರೇಟ್, ಪೊಟ್ಯಾಶಿಯಂ ಫಾಸ್ಫೇಟ್, ಒಂಚೂರು ಕಬ್ಬಿಣ, ಮಿಕ್ಕಿದ್ದು ನೀರು. ಕೋಲಾರದ ಕಡೆ ಟೊಮ್ಯಾಟೊ ಬೆಳೆಯೋ ನಮ್ಮ ಸೋದರಮಾವ ಇದನ್ನೇ ಡ್ರಿಪ್‌ನಲ್ಲಿ ಬಿಡ್ತಾರೆ. ಅವರ ಶೆಡ್‌ನಲ್ಲಿ ಚೀಲದ ಮೇಲೆ 13:0:45 ಅಂತ ಇತ್ತು. ಅದೇ ಪೊಟ್ಯಾಶಿಯಂ ನೈಟ್ರೇಟ್. 0:52:34 ಅಂದ್ರೆ ಪೊಟ್ಯಾಶಿಯಂ ಫಾಸ್ಫೇಟ್. ಒಂದೊಂದು ಕೆಜಿ ತಗೊಂಡ್ರೆ ಡಿಗ್ರಿ ಮುಗಿಯೋವರೆಗೂ ಖಾಲಿ ಆಗಲ್ಲ.

ಆದ್ರೆ ಇಲ್ಲಿ ಒಂದು ಎಚ್ಚರಿಕೆ. ಇದನ್ನ ಸ್ಕ್ರೀನ್‌ಶಾಟ್ ತಗೊಳ್ಳಿ. ಅದೇ ಶೆಲ್ಫ್‌ನಲ್ಲಿ 19:19:19 ಇರುತ್ತೆ, 12:61:0 ಇರುತ್ತೆ, ಯೂರಿಯಾ, ಡಿಎಪಿ ಇರುತ್ತೆ. ಇವು ಯಾವುದೂ ಟ್ಯಾಂಕ್‌ಗೆ ಬೇಡ. ಇವುಗಳಲ್ಲಿ ಸಾರಜನಕ ಅಮೋನಿಯಂ ಅಥವಾ ಯೂರಿಯಾ ರೂಪದಲ್ಲಿ ಇರುತ್ತೆ. ಟೊಮ್ಯಾಟೊಗೆ ಅದು ಊಟ, ಮೀನಿಗೆ ಅದೇ ವಿಷ. ನಮ್ಮ ಬೋರ್ ನೀರಿನ ಥರ ಪಿಎಚ್ ಜಾಸ್ತಿ ಇದ್ರೆ ಅಮೋನಿಯಂನ ಹೆಚ್ಚು ಭಾಗ ಅಮೋನಿಯಾ ಆಗುತ್ತೆ, ಅಪಾಯ ಇನ್ನೂ ಜಾಸ್ತಿ.

13:0:45 ಪೊಟ್ಟಣ ಗಾಳಿಯಾಡದ ಡಬ್ಬಿಯಲ್ಲಿರಲಿ, ಬೆಂಕಿ ಹತ್ತಿರ ಇಡಬೇಡಿ. ಮೇಲೆ ಹೆಸರು ಬರೆದು ಅಂಟಿಸಿ. ನೋಡೋಕೆ ಉಪ್ಪಿನ ಥರಾನೇ ಇರುತ್ತೆ, ರೂಮ್‌ಮೇಟ್ ಆಮ್ಲೆಟ್‌ಗೆ ಹಾಕ್ಕೊಂಡಾನು.

ಭಾಗ 5: ಲೆಕ್ಕ

ಎರಡು ಅರ್ಧ ಲೀಟರ್ ಬಾಟ್ಲಿ ತಗೊಳ್ಳಿ. ಒಂದರಲ್ಲಿ 500 ಮಿಲಿ ಆರ್‌ಓ ನೀರಿಗೆ 40 ಗ್ರಾಂ 13:0:45. ಇನ್ನೊಂದರಲ್ಲಿ 500 ಮಿಲಿ ನೀರಿಗೆ 7 ಗ್ರಾಂ 0:52:34. ಸಿರಿಂಜ್‌ನಲ್ಲಿ ಮೊದಲನೆಯದರಿಂದ 5 ಮಿಲಿ ಹಾಕಿದ್ರೆ 50 ಲೀಟರ್ ಟ್ಯಾಂಕ್‌ಗೆ ಸುಮಾರು 5 ಪಿಪಿಎಂ ನೈಟ್ರೇಟ್, 3 ಪಿಪಿಎಂ ಪೊಟ್ಯಾಶಿಯಂ ಸೇರುತ್ತೆ. ಎರಡನೆಯದರ 5 ಮಿಲಿಯಿಂದ ಸುಮಾರು 1 ಪಿಪಿಎಂ ಫಾಸ್ಫೇಟ್.

ಗ್ಯಾಸ್ ಇಲ್ಲದ ಟ್ಯಾಂಕ್‌ಗೆ ವಾರಕ್ಕೊಮ್ಮೆ ಇಷ್ಟು ಸಾಕು. ಮೀನು ಜಾಸ್ತಿ ಇದ್ರೆ ಅವುಗಳ ಊಟ, ಹೇಲುಗಳಿಂದಲೇ ನೈಟ್ರೇಟ್, ಫಾಸ್ಫೇಟ್ ಬರುತ್ತೆ, ಇನ್ನೂ ಕಡಿಮೆ ಹಾಕಿ. ಕಬ್ಬಿಣಕ್ಕೆ ಮಾತ್ರ ಅಕ್ವೇರಿಯಂ ಬಾಟ್ಲಿಯೇ ವಾಸಿ. ಹೊಲಕ್ಕೆ ಸಿಗೋ ಕೆಲವು ಮೈಕ್ರೊ ಮಿಶ್ರಣಗಳಲ್ಲಿ ತಾಮ್ರ, ಸತು ಜಾಸ್ತಿ ಇರುತ್ತೆ, ಸೀಗಡಿ ಸತ್ತೇ ಹೋಗುತ್ತೆ. ಗಡಸು ನೀರಾದ್ರೆ ಲೇಬಲ್‌ನಲ್ಲಿ ಡಿಟಿಪಿಎ ಅಂತ ಇರೋ ಕಬ್ಬಿಣ ತಗೊಳ್ಳಿ, ಇಡಿಟಿಎ ಅಲ್ಲಿ ಬೇಗ ಬಿಟ್ಟುಹೋಗುತ್ತೆ. ಕಬ್ಬಿಣ ಮತ್ತು ಫಾಸ್ಫೇಟ್ ಒಂದೇ ಬಾಟ್ಲಿಯಲ್ಲಿ ಬೆರೆಸಬೇಡಿ, ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಕೂರುತ್ತೆ.

"ಲಿಕ್ವಿಡ್ ಕಾರ್ಬನ್" ಬಗ್ಗೆಯೂ ಕೇಳಿದ್ರಿ. ಅಂಥ ಬಾಟ್ಲಿಗಳಲ್ಲಿ ಸಾಮಾನ್ಯವಾಗಿ ಇರೋದು ಗ್ಲುಟರಾಲ್ಡಿಹೈಡ್. ಆಸ್ಪತ್ರೆಯಲ್ಲಿ ಉಪಕರಣ ಶುದ್ಧ ಮಾಡೋಕೆ ಬಳಸೋ ರಾಸಾಯನಿಕ. ಅದು ಗ್ಯಾಸ್‌ಗೆ ಬದಲಿ ಅಲ್ಲ.

ಭಾಗ 6: ಗ್ಯಾಸ್ ಇಲ್ಲದೆ ಏನು ಬೆಳೆಯುತ್ತೆ?

ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಬೋರ್ ನೀರಿಗೆ ಹೇಳಿ ಮಾಡಿಸಿದ ಹಾಗಿವೆ. ಗಡಸು ನೀರಲ್ಲಿರೋ ಬೈಕಾರ್ಬನೇಟ್‌ನಿಂದಲೇ ಇಂಗಾಲ ತಗೊಳ್ಳೋ ಶಕ್ತಿ ಅವಕ್ಕಿದೆ. ಲ್ಯಾಬ್‌ನಲ್ಲಿ ಆ ಚಿಟಿಕೆ ಸೋಡಾ ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಹೈಗ್ರೋಫಿಲಾ ಪಾಲಿಸ್ಪರ್ಮಾ ನಮ್ಮ ದೇಶದ್ದೇ ಗಿಡ, ಕಿತ್ತು ಎಸೆದ್ರೂ ಬೆಳೆಯುತ್ತೆ. ಜೊತೆಗೆ ಕ್ರಿಪ್ಟೊಕೊರೈನ್, ಜಾವಾ ಫರ್ನ್, ಅನೂಬಿಯಾಸ್.

ಲೈಟ್ ದಿನಕ್ಕೆ 6 ಗಂಟೆಯಿಂದ ಶುರು ಮಾಡಿ. ಪಾಚಿ ಬಂದ್ರೆ 5ಕ್ಕೆ ಇಳಿಸಿ. ಮೊದಲ ದಿನವೇ ಗಿಡ ದಟ್ಟವಾಗಿ ನೆಡಿ, ಮೀನು ಒಂದು ತಿಂಗಳು ಬಿಟ್ಟು ಬರಲಿ. ಡಯಾನಾ ವಾಲ್‌ಸ್ಟಡ್ ಅನ್ನೋ ಅಮೆರಿಕದ ಲೇಖಕಿ ಹೊಲದ ಮಣ್ಣು, ಗಿಡ, ಮೀನಿನ ಗೊಬ್ಬರ ಇಷ್ಟರಲ್ಲೇ, ಗ್ಯಾಸ್ ಇಲ್ಲದೆ ಟ್ಯಾಂಕ್ ನಡೆಸೋದರ ಬಗ್ಗೆ 1999ರಲ್ಲಿ ಪುಸ್ತಕವನ್ನೇ ಬರೆದ್ರು.

ಭಾಗ 7: "ಆದ್ರೆ ನನಗೆ ಕಾರ್ಪೆಟ್ ಬೇಕು"

ನ್ಯಾಯವಾದ ಮಾತು. ಜಪಾನಿನ ತಕಾಶಿ ಅಮಾನೊ (1954-2015) ಟ್ಯಾಂಕ್‌ಗಳ ಫೋಟೊ ನೋಡಿದವರಿಗೆ ಅದೇ ಥರದ್ದು ಬೇಕು ಅನ್ನಿಸೋದು ಸಹಜ. ಅವು ಗ್ಯಾಸ್ ಮೇಲೆ ನಿಂತ ಟ್ಯಾಂಕ್‌ಗಳು. ನಮ್ಮ ಪಶ್ಚಿಮ ಘಟ್ಟದ ಕಡೆಯದ್ದೇ ಆದ ಕೆಂಪು ರೋಟಾಲ ಮ್ಯಾಕ್ರಾಂಡ್ರಾ ಕೂಡ ಟ್ಯಾಂಕ್‌ನಲ್ಲಿ ಗ್ಯಾಸ್ ಇಲ್ಲದೆ ಚೆನ್ನಾಗಿ ಬರೋದು ಕಷ್ಟ.

ಹಾಗಾದ್ರೆ ಪೂರ್ತಿ ಹಾಕಿ: ಸಿಲಿಂಡರ್, ರೆಗ್ಯುಲೇಟರ್, ಸೊಲೆನಾಯ್ಡ್, ನೀಡಲ್ ವಾಲ್ವ್, ಚೆಕ್ ವಾಲ್ವ್, ಡಿಫ್ಯೂಸರ್, ಡ್ರಾಪ್ ಚೆಕರ್. ಲೈಟ್ ಹತ್ತೋಕೆ ಒಂದೆರಡು ಗಂಟೆ ಮುಂಚೆ ಗ್ಯಾಸ್ ಆನ್, ಲೈಟ್ ಆರೋಕೆ ಒಂದು ಗಂಟೆ ಮುಂಚೆ ಆಫ್. ಸೆಕೆಂಡಿಗೆ ಒಂದು ಗುಳ್ಳೆಯಿಂದ ಶುರು ಮಾಡಿ, ದಿನಗಳ ಅಂತರದಲ್ಲಿ ಏರಿಸಿ. ಡ್ರಾಪ್ ಚೆಕರ್‌ಗೆ ಟ್ಯಾಂಕ್ ನೀರಲ್ಲ, 4 ಡಿಕೆಎಚ್ ದ್ರಾವಣ ಹಾಕಿ. ನೀಲಿ ಅಂದ್ರೆ ಕಡಿಮೆ, ಹಸಿರು ಅಂದ್ರೆ ಸುಮಾರು 30 ಪಿಪಿಎಂ, ಹಳದಿ ಅಂದ್ರೆ ಅಪಾಯ. ಅದು ತೋರಿಸೋದು ಒಂದೆರಡು ಗಂಟೆ ಹಿಂದಿನ ಕಥೆ. ಅದಕ್ಕಿಂತ ಮೊದಲು ಮೀನು ಹೇಳುತ್ತೆ. ಹೊಸದಾಗಿ ಏರಿಸಿದ ದಿನ ಮನೆಯಲ್ಲೇ ಇರಿ.

ನಮ್ಮೂರ ಕರೆಂಟ್ ಲೆಕ್ಕಕ್ಕೆ ತಗೊಳ್ಳಿ. ಮೆಕ್ಯಾನಿಕಲ್ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತೆ. ದಿನಕ್ಕೆ ಅರ್ಧ ಗಂಟೆ ಹೋದ್ರೂ ಎರಡು ವಾರಕ್ಕೆ 7 ಗಂಟೆ ಹಿಂದೆ ಬೀಳುತ್ತೆ, ಮಧ್ಯರಾತ್ರಿ ಗ್ಯಾಸ್ ಓಡ್ತಾ ಇರುತ್ತೆ. ಒಳಗೆ ಬ್ಯಾಟರಿ ಇರೋ ಡಿಜಿಟಲ್ ಟೈಮರ್ ತಗೊಳ್ಳಿ.

ಪಿಜಿಯಲ್ಲಿ ಇರೋರು ಇದನ್ನೂ ಓದಿ. 2 ಕೆಜಿ ಸಿಲಿಂಡರ್ ಪೂರ್ತಿ ಲೀಕ್ ಆದ್ರೆ ಸುಮಾರು 1,100 ಲೀಟರ್ ಗ್ಯಾಸ್. ಉದ್ದ, ಅಗಲ, ಎತ್ತರ ಹತ್ತತ್ತು ಅಡಿ ಇರೋ ರೂಮಿನ ಗಾಳಿಯಲ್ಲಿ ಅದು ಹತ್ತಿರ ಹತ್ತಿರ ಶೇ. 4. ಹೊರಗಿನ ಗಾಳಿಯಲ್ಲಿ ಇರೋದು ಶೇ. 0.04. ಆ ಗ್ಯಾಸ್‌ಗೆ ವಾಸನೆಯೂ ಇಲ್ಲ. ಕಿಟಕಿ ಮುಚ್ಚಿ ಮಲಗೋ ರೂಮಿಗೆ ಸಿಲಿಂಡರ್ ಬೇಡ. ಎಲ್ಲೇ ಇಟ್ರೂ ನೆಟ್ಟಗೆ ನಿಲ್ಲಿಸಿ ಗೋಡೆಗೆ ಕಟ್ಟಿ.

ಭಾಗ 8: ಕೊನೇ ಮಾತು

"ದುಡ್ಡಿಲ್ಲದವರು ಯೀಸ್ಟ್ ಬಾಟ್ಲಿ ಇಡ್ತಾರೆ, ನೀನು ಅದನ್ನೂ ಬೇಡ ಅಂದ್ರೆ ಹೇಗೆ?" ಅಂತ ಒಬ್ಬ ಫ್ರೆಂಡ್ ಕೇಳಿದ. ಮಗಾ, ದುಡ್ಡಿಲ್ಲದವರಿಗೆ ಗ್ಯಾಸ್ ಇಲ್ಲದ ಟ್ಯಾಂಕೇ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುರಕ್ಷಿತ. ಅಗ್ಗದ ಗ್ಯಾಸ್‌ನ ನಿಜವಾದ ಬೆಲೆ ಕಟ್ಟೋದು ನಾವಲ್ಲ, ಗಾಜಿನ ಆ ಕಡೆ ಇರೋರು. ಬರೀ ಗಿಡ ಇದ್ದು ಮೀನು ಇಲ್ಲದ ಟ್ಯಾಂಕ್ ಆದ್ರೆ ಯೀಸ್ಟ್ ಪ್ರಯೋಗ ಮಾಡಿ, ನನ್ನ ಅಭ್ಯಂತರ ಇಲ್ಲ. ಪ್ಲಾಸ್ಟಿಕ್ ಬಾಟ್ಲಿಯೇ ಇರಲಿ, ಗಾಜಿಂದು ಸಿಡಿಯುತ್ತೆ.

ಗ್ಯಾಸ್ ಕೊಡೋದು ವೇಗ. ವೇಗ ಬಂದ್ರೆ ಗೊಬ್ಬರ ಜಾಸ್ತಿ ಬೇಕು, ಕತ್ತರಿಸೋದು ಜಾಸ್ತಿ, ನೀರು ಬದಲಾಯಿಸೋದು ಜಾಸ್ತಿ. ಇಂಟರ್ನಲ್ಸ್ ವಾರದಲ್ಲಿ ಇದೆಲ್ಲಾ ಯಾರು ಮಾಡ್ತಾರೆ? ಸೈಕಲ್ ಕಲಿಯದೆ ಬೈಕ್ ಹತ್ತೋದು ಬೇಡ.

ಆ ದಿನ ಉಳಿದ ಮೂರು ಟೆಟ್ರಾ ಇನ್ನೂ ಇವೆ. ಮೊನ್ನೆ ಫೋಟೊದಲ್ಲಿ ಎಡಗಡೆ, ವ್ಯಾಲಿಸ್ನೇರಿಯಾ ಹಿಂದೆ ಹುಡುಕಿ, ಕಾಣ್ತವೆ.

ನಿಮ್ಮ ಟ್ಯಾಂಕ್ ಅಳತೆ, ಬೋರ್ ನೀರೋ ಕಾವೇರಿ ನೀರೋ, ಲೈಟ್ ಎಷ್ಟು ಗಂಟೆ, ಈ ಮೂರನ್ನ ಕಾಮೆಂಟ್‌ನಲ್ಲಿ ಬರೀರಿ. ಗೊಬ್ಬರದ ಲೆಕ್ಕ ನಾನು ಮಾಡಿಕೊಡ್ತೀನಿ. ಕಿಟ್ ಹೆಸರು ಮಾತ್ರ ಕೇಳಬೇಡಿ.

#ನೀರೊಳಗಿನತೋಟ #ಅಕ್ವೇರಿಯಂಕನ್ನಡ #ಗ್ಯಾಸ್‌ಕೊನೆಗೆ