ಬೆಟ್ಟದ ಹಸಿರನ್ನು ಕಂಡು ಮೋಸಹೋಗಬೇಡಿ

ಬಿಳಿಗಿರಿರಂಗನ ಬೆಟ್ಟಕ್ಕೆ ನೀವು ಹೋಗಿದ್ದೀರಿ. ರಸ್ತೆಯ ಇಕ್ಕೆಲಕ್ಕೂ ಒತ್ತರಿಸಿ ನಿಂತ ಹಸಿರನ್ನು ಕಂಡು ‘ಎಂಥ ಕಾಡು!’ ಅಂದಿದ್ದೀರಿ. ಎಷ್ಟೋ ಕಡೆ ಅದು ಬರೀ ಲಂಟಾನ. ಅಂದಕ್ಕೆಂದು ಬ್ರಿಟಿಷರು ಕಡಲಾಚೆಯಿಂದ ತಂದ ಆ ಗಿಡ ಹುಲ್ಲನ್ನು ನುಂಗಿ, ನೆಲ್ಲಿಯ ಸಸಿಗೆ ಬಿಸಿಲು ತಪ್ಪಿಸಿ, ಕಡವೆಯ ಮೇವು ಕಸಿದು, ಆಳೆತ್ತರ ಮೀರಿ ಬೆಳೆದಿದೆ.

ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಹಿರಿಯರು ಬೇಸಿಗೆ ಬಲಿಯುವ ಮುನ್ನ ತರಗು ಬೆಂಕಿ ಹಾಕುತ್ತಿದ್ದರು. ನೆಲದ ಒಣ ಎಲೆಯನ್ನಷ್ಟೇ ಸುಟ್ಟು, ಮರದ ಬುಡ ಸವರಿ ನಂದಿಹೋಗುವ ಸಣ್ಣ ಬೆಂಕಿ ಅದು. ಲಂಟಾನದ ಎಳೆ ಗಿಡವೂ ನೆಲ್ಲಿಮರದ ರಸ ಹೀರುವ ಬಂದಳಿಕೆಯೂ ಅದರಿಂದಲೇ ಹತೋಟಿಯಲ್ಲಿದ್ದವು ಎನ್ನುತ್ತಾರೆ ಅವರು. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ತರಗು ಬೆಂಕಿ ಅಪರಾಧವಾಯಿತು. ಈಗ ಬೀಳುವ ಬೆಂಕಿಯೇ ಬೇರೆ: ಮಳೆ ಕೈಕೊಟ್ಟ ವರ್ಷ ಒಣಗಿದ ಲಂಟಾನದ ಮೆಳೆ ಹಿಡಿದು ಮರದ ನೆತ್ತಿಗೇರುತ್ತದೆ, ಮರಗಳು ತಲೆಮಾರುಗಳಿಂದ ಹಿಡಿದಿಟ್ಟ ಇಂಗಾಲವನ್ನು ಹೊಗೆಯಾಗಿ ಬಾನಿಗೆ ಬಿಡುತ್ತದೆ. ಓಡಲಾರದ ಆಮೆ, ನೆಲದ ಮೇಲೆ ಮೊಟ್ಟೆಗೆ ಕಾವು ಕೊಡುವ ಕಾಡುಕೋಳಿ, ಮೊನ್ನೆ ಮೊನ್ನೆ ಮೊಳೆತ ಸಸಿ, ಇವು ಯಾವ ಕಚೇರಿಗೆ ಅರ್ಜಿ ಹಿಡಿದು ಹೋಗಬೇಕು?

ಇದೆಲ್ಲ ನಿಮಗೆ ಗೊತ್ತಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಹಕ್ಕನ್ನು ಗ್ರಾಮಸಭೆಗೆ ಕೊಟ್ಟಿದೆಯೆಂದು ಗೊತ್ತಿದೆ; 2011ರಲ್ಲಿ ಈ ಬೆಟ್ಟದ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕುಪತ್ರ ಬಂತೆಂದು ಪತ್ರಿಕೆಯಲ್ಲಿ ಓದಿ ಖುಷಿಪಟ್ಟದ್ದೂ ನೆನಪಿರಬಹುದು. ಆಮೇಲೆ ಪುಟ ತಿರುವಿದೆವು. (ನಾನೂ ತಿರುವಿದವನೇ.) ಹಕ್ಕುಪತ್ರ ಸಿಕ್ಕ ಮಾತ್ರಕ್ಕೆ ಗ್ರಾಮಸಭೆಗೆ ನಕ್ಷೆ ಓದಲು ಬರುವುದಿಲ್ಲ, ನಿರ್ವಹಣಾ ಯೋಜನೆ ಬರೆಯಲು, ಲೆಕ್ಕ ಇಡಲು, ಅಧಿಕಾರಿಯೆದುರು ಕೂತು ವಾದಿಸಲು ಬರುವುದಿಲ್ಲ, ಅದನ್ನು ಕಲಿಸುವವರು ಬೇಕು, ಕಲಿಯುವಷ್ಟು ಕಾಲ ಕೂಲಿ ತಪ್ಪದಂತೆ ನೋಡುವವರು ಬೇಕು, ಅವರು ಬರೆದ ಯೋಜನೆಯನ್ನು ಕಡತದಡಿ ಮುಚ್ಚಿಡದೆ ಒಪ್ಪುವವರು ಬೇಕು. ಹೆಜ್ಜೇನಿನ ದಾರಿಯನ್ನೂ ಪ್ರತಿ ತೊರೆಯ ಹೆಸರನ್ನೂ ಬಲ್ಲ ಸೋಲಿಗನನ್ನು ಬೇಸಿಗೆಯ ಎರಡು ಮೂರು ತಿಂಗಳು ಬೆಂಕಿ ಕಾವಲಿನ ದಿನಗೂಲಿಗೆ ಕರೆದು, ಮಳೆ ಬಿದ್ದೊಡನೆ ಮನೆಗೆ ಕಳಿಸುವುದು ಕಾಡಿಗೂ ಅವನಿಗೂ ಬಗೆದ ದ್ರೋಹ.

ನಿಮಗೆ ಗೊತ್ತಿದೆ, ಗೊತ್ತಿದ್ದೂ ಸುಮ್ಮನಿದ್ದೀರಿ. ಮನಸ್ಸು ಕೆಟ್ಟದ್ದಲ್ಲ, ಬೆಟ್ಟ ದೂರ. ಆದರೆ ನೀವು ಮೇಷ್ಟರಾಗಿದ್ದರೆ ರಜೆಯಲ್ಲಿ ಪೋಡಿನ ಹುಡುಗ ಹುಡುಗಿಯರಿಗೆ ಲೆಕ್ಕ, ನಕ್ಷೆ ಕಲಿಸಬಲ್ಲಿರಿ. ವಕೀಲರಾಗಿದ್ದರೆ ಅರ್ಜಿ ಬರೆದುಕೊಡಬಲ್ಲಿರಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದೇ ಲಂಟಾನದಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ, ಕೊಳ್ಳಬಲ್ಲಿರಿ. ಏನೂ ಆಗದಿದ್ದರೆ ನಿಮ್ಮ ಶಾಸಕರಿಗೆ ಒಂದು ಕಾಗದ ಬರೆಯಿರಿ: ಗ್ರಾಮಸಭೆಗಳ ಕಾಡಿಗೆ ಈ ವರ್ಷದ ಬಜೆಟ್‌ನಲ್ಲಿ ಎಷ್ಟಿಟ್ಟಿದ್ದೀರಿ, ತರಬೇತಿಗೆ ಎಷ್ಟು ಎಂದು ಕೇಳಿ. ಉತ್ತರ ಬರದಿದ್ದರೆ ಮತ್ತೊಮ್ಮೆ ಬರೆಯಿರಿ, ದಯವಿಟ್ಟು.