ಗುಲಗಂಜಿಗೆ ತನ್ನ ಕಪ್ಪು ಕಾಣದು

ಡೊಂಬಿವಲಿಯ ಫಡಕೆ ರಸ್ತೆಯಾಗಲಿ, ಠಾಣೆಯ ಗೋಖಲೆ ರಸ್ತೆಯಾಗಲಿ, ಚಿನ್ನದಂಗಡಿಯ ಮೇಜಿನ ಮೇಲೆ ಗಾಜಿನ ಮುಚ್ಚಳದ ಒಂದು ಪುಟ್ಟ ಯಂತ್ರ ಕೂತಿರುತ್ತದೆ. ಮಗಳ ಫೀಸಿಗೆಂದು ಬಳೆ ಅಡವಿಡಲು ಬಂದವಳ ಕಣ್ಣು ಅದರ ಅಂಕಿಗಳ ಮೇಲೆಯೇ. ಯಂತ್ರ 19.842 ಅಂದರೆ 19.842. ಅದರ ಜೊತೆ ಯಾರೂ ವಾದಕ್ಕಿಳಿಯುವುದಿಲ್ಲ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಕಟ್ಟಿ ಒಂದು ಕಸುಬಿನವರನ್ನೇ ತಲೆತಲಾಂತರದಿಂದ ಅನುಮಾನಿಸಿದ ನಾವು, ಯಂತ್ರ ಬಂದೊಡನೆ ಅನುಮಾನವನ್ನೇ ಕೈಬಿಟ್ಟೆವು. ಎರಡೂ ತಪ್ಪು. ಮನುಷ್ಯ ಪ್ರಾಮಾಣಿಕನಾಗಿದ್ದೂ ಯಂತ್ರ ಸುಳ್ಳು ಹೇಳಬಹುದು.

ಹಳೆಯ ತಕ್ಕಡಿ ತೂಕವನ್ನು ತೂಕದ ಎದುರಿಗಿಟ್ಟು ನೋಡುತ್ತಿತ್ತು. ಎಲೆಕ್ಟ್ರಾನಿಕ್ ತಕ್ಕಡಿ ಹಾಗಲ್ಲ, ಅದು ಅಳೆಯುವುದು ಭೂಮಿಯ ಸೆಳೆತವನ್ನು. ಸಾಮಾನ್ಯ ಯಂತ್ರಗಳಲ್ಲಿ ತಟ್ಟೆಯ ಕೆಳಗಿನ ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗನ್ನು ವಿದ್ಯುತ್ತು ಅಂಕಿಯಾಗಿಸುತ್ತದೆ. ಸೆಳೆತವಾದರೋ ಊರಿಂದ ಊರಿಗೆ ಬೇರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿಗಿಂತ ಕಡಲ ಮಗ್ಗುಲಿನ, ಉತ್ತರಕ್ಕೂ ಇರುವ ಠಾಣೆಯಲ್ಲಿ ಅದು ತುಸು ಹೆಚ್ಚು. ಬೆಂಗಳೂರಲ್ಲಿ ಸರಿಹೊಂದಿಸಿದ ಯಂತ್ರವನ್ನು ಹಾಗೇ ತಂದು ಕಲ್ಯಾಣದಲ್ಲಿಟ್ಟರೆ 10 ಗ್ರಾಂ ಚಿನ್ನ ಸುಮಾರು 6 ಮಿಲಿಗ್ರಾಂ ಜಾಸ್ತಿ ತೂಗುತ್ತದೆ. ಮೋಸ ಯಾರದೂ ಅಲ್ಲ. ಇಟ್ಟ ಜಾಗದಲ್ಲಿ ಪ್ರಮಾಣಬೊಟ್ಟು ಇಟ್ಟು ಮತ್ತೆ ಸರಿಹೊಂದಿಸದಿದ್ದುದಷ್ಟೇ ತಪ್ಪು.

ಇಷ್ಟು ಸೂಕ್ಷ್ಮ ಯಾಕೆ ಎನ್ನುವವರು ಬಂದೂಕಿನ ತೋಟಾಕ್ಕೆ ಮದ್ದು ತೂಗುವವರನ್ನು ನೋಡಬೇಕು. ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಹೊರದೇಶಗಳಲ್ಲಿ ಗುರಿಕಾರರ ಹವ್ಯಾಸ. ಅವರ ಅಳತೆ ಗ್ರೇನ್, ಅಂದರೆ ಸುಮಾರು 65 ಮಿಲಿಗ್ರಾಂ. ಅದರ ಹತ್ತನೇ ಒಂದು ಪಾಲಿನವರೆಗೂ ತೂಗುತ್ತಾರೆ, ಏಕೆಂದರೆ ತೂಕ ತಪ್ಪಿದರೆ ಬಂದೂಕು ಕೈಯಲ್ಲೇ ಸಿಡಿಯಬಹುದು. ಈ ಗ್ರೇನ್ ನಮಗೂ ಹೊರಗಿನದಲ್ಲ. 1833ರಲ್ಲಿ ಕಂಪನಿ ಸರ್ಕಾರ ತೊಲವನ್ನು ನಿಗದಿ ಮಾಡಿದ್ದು 180 ಗ್ರೇನಿಗೆ. ಅಜ್ಜಿಯರು ಇಂದಿಗೂ ಲೆಕ್ಕ ಹಾಕುವ ತೊಲ, 11.66 ಗ್ರಾಂ, ಅದೇ.

ಮದ್ದು ತೂಗುವವರಿಗೆ ಗೊತ್ತಿರುವ ಒಂದು ಗುಟ್ಟು ಚಿನ್ನ ಕೊಳ್ಳುವವರಿಗೂ ಗೊತ್ತಿರಬೇಕು. ಧೂಳು, ಶಾಖದಿಂದಾಗುವ ಏರುಪೇರನ್ನು ಮುಚ್ಚಲು ಬಹುತೇಕ ಯಂತ್ರಗಳು ಸೊನ್ನೆಯ ಆಸುಪಾಸಿನ ನಿಧಾನದ ಬದಲಾವಣೆಯನ್ನು ತಾವೇ ಸೊನ್ನೆ ಮಾಡಿಕೊಳ್ಳುತ್ತವೆ. ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಮೊದಲ ಚಿಟಿಕೆಗಳು ಲೆಕ್ಕಕ್ಕೇ ಬಾರದೆ ಹೋಗಬಹುದು. ತಟ್ಟೆಯನ್ನು ಪೂರ್ತಿ ಎತ್ತಿ ಮತ್ತೆ ಇಟ್ಟು ನೋಡುವುದೇ ಮದ್ದು.

ಇನ್ನು ಶುಚಿ. ಉಜ್ಜುವ ಪುಡಿ, ಕುಂಕುಮ, ಬೆವರು, ಚಿನ್ನದ ರಜ ಎಲ್ಲ ತಟ್ಟೆಯ ಅಂಚಿನಿಂದ ಕೆಳಗಿಳಿದು ಕೂರುತ್ತವೆ. ತಟ್ಟೆ ಅಲ್ಲೇ ತಗುಲಿ ನಿಂತರೆ ಅಂಕಿ ಏರಬೇಕಾದಷ್ಟು ಏರದು. ಅನೇಕರು ಬಾಯಿಂದ ಊದುತ್ತಾರೆ. ಅದರಿಂದ ಧೂಳು ಒಳಕ್ಕೆ ಹೋಗುತ್ತದೆ, ಜೊತೆಗೆ ಎಂಜಲ ತೇವವೂ. ಕರೆಂಟು ತೆಗೆದು, ತಟ್ಟೆಯನ್ನು ನೇರ ಮೇಲಕ್ಕೆತ್ತಿ, ಮೆತ್ತನೆಯ ಕುಂಚದಿಂದ ಹೊರಮುಖವಾಗಿ ಗುಡಿಸಬೇಕು. ಬಟ್ಟೆ ಒದ್ದೆಯಾಗಿರದೆ ಬರೀ ತೇವವಾಗಿರಬೇಕು. ತಟ್ಟೆ ಇದ್ದ ಜಾಗವನ್ನು ಬೆರಳಿಂದ ಒತ್ತಲೇಬಾರದು. ಮತ್ತೆ ಜೋಡಿಸಿದ ಮೇಲೆ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ನೀರ್ಗುಳ್ಳೆ ನಡುವಿಗೆ ಬಂದಿದೆಯೇ ನೋಡಿ, ಚಿಮಟದಲ್ಲಿ ಹಿಡಿದ ಬೊಟ್ಟಿನಿಂದ ಪರೀಕ್ಷಿಸಬೇಕು. ಬೊಟ್ಟನ್ನು ಕೈಯಿಂದ ಮುಟ್ಟಿದರೆ ಬೆರಳಿನ ಜಿಡ್ಡೂ ತೂಕವೇ. ಫ್ಯಾನಿನ ಗಾಳಿ, ಹಳಿ ಮಗ್ಗುಲ ಅಂಗಡಿಗಳಲ್ಲಿ ಲೋಕಲ್ ರೈಲಿನ ನಡುಕ, ನಾಲ್ಕು ತಿಂಗಳ ಮಳೆಗಾಲದ ತೇವ: ಈ ಸೀಮೆಯ ಯಂತ್ರಕ್ಕೆ ಶತ್ರುಗಳು ಕಡಿಮೆಯಿಲ್ಲ.

ಕಾನೂನು ಇದೆಯಲ್ಲ ಎನ್ನಬಹುದು. ಇದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, 2011ರ ನಿಯಮಗಳ ಪ್ರಕಾರ ಇಂಥ ಯಂತ್ರಕ್ಕೆ 12 ತಿಂಗಳಿಗೊಮ್ಮೆ ಮರುಪರಿಶೀಲನೆ, ಮುದ್ರೆ ಆಗಬೇಕು. ಆದರೆ ಮುದ್ರೆ ಹೇಳುವುದು ಒಂದು ದಿನದ ಸತ್ಯ. ಉಳಿದ 364 ದಿನಗಳ ಸತ್ಯಕ್ಕೆ ಅಂಗಡಿಯವರೇ ಹೊಣೆ. ಬೆಳಿಗ್ಗೆ ಅಂಗಡಿ ತೆರೆದೊಡನೆ ಬೊಟ್ಟಿಟ್ಟು, ಬಂದ ಅಂಕಿಯನ್ನು ತಾರೀಖಿನೊಂದಿಗೆ ಒಂದು ಪುಸ್ತಕದಲ್ಲಿ ಬರೆದು, ಗಿರಾಕಿಗೆ ಕಾಣುವಂತೆ ಇಟ್ಟರೆ ಸಾಕು. ಎರಡು ನಿಮಿಷದ ಕೆಲಸ.

ಹಬ್ಬದ ನೂಕುನುಗ್ಗಲಲ್ಲಿ ಇದು ಆಗದ ಮಾತು, ಗಿರಾಕಿ ಕೇಳಿದರೆ ಅವಮಾನ ಎಂದು ವ್ಯಾಪಾರಿಗಳು ಹೇಳುವುದುಂಟು. ನೂಕುನುಗ್ಗಲು ಶುರುವಾಗುವುದು ಬಾಗಿಲು ತೆರೆದ ಮೇಲೆ. ಬೊಟ್ಟಿಡುವುದು ಅದಕ್ಕೂ ಮುಂಚೆ. ಅವಮಾನದ ಮಾತಿಗೂ ಹುರುಳಿಲ್ಲ. ಪುಸ್ತಕ ಕಣ್ಣೆದುರು ಇದ್ದರೆ ಯಾರೂ ಯಾರನ್ನೂ ಕೇಳಬೇಕಾಗಿಯೇ ಇಲ್ಲ. ಪ್ರಾಮಾಣಿಕ ವ್ಯಾಪಾರಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಸಿಕ್ಕೀತೇ?

ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಂಡರೆ 10 ಮಿಲಿಗ್ರಾಂ ವ್ಯತ್ಯಾಸ 100 ರೂಪಾಯಿ. ಮಳಿಗೆಗೆ ಅದು ಏನೂ ಅಲ್ಲ. ವಾಶಿ ಮಾರುಕಟ್ಟೆಯಲ್ಲಿ ಮೂಟೆ ಹೊರುವವನ ಹೆಂಡತಿಗೆ ಅದು ಎರಡು ದಿನದ ತರಕಾರಿ. ಆಕೆ ಬಳೆ ಕಳಚಿಡುವ ಮೊದಲು ಸಂಕೋಚಪಡದೆ ಒಂದು ಮಾತು ಕೇಳಬೇಕು: ಮೊದಲು ಬೊಟ್ಟು ಇಟ್ಟು ತೋರಿಸಿ.

ಒಂದು ಕಾಲಕ್ಕೆ ಚಿನ್ನ ತೂಗುತ್ತಿದ್ದುದು ಗುಲಗಂಜಿಯಿಂದಲೇ. ತನ್ನ ಕಪ್ಪು ಅದಕ್ಕೆ ಕಾಣದು ಎಂದು ಅದನ್ನು ಬಳಸಿದವರೇ ಗಾದೆ ಮಾಡಿದರು. ಅದರ ಜಾಗಕ್ಕೆ ಬಂದ ಯಂತ್ರಕ್ಕೂ ತನ್ನ ಕೊಳೆ ಕಾಣದು. ಅದನ್ನು ನೋಡಬೇಕಾದವರು ಮೇಜಿನ ಎರಡೂ ಬದಿಯಲ್ಲಿ ಕೂತವರು.