ಸಗಣಿಗೂ ಒಂದು ಲೆಕ್ಕ ಇರಲಿ



ಡೇರಿಗೆ ಹಾಕುವ ಪ್ರತಿ ಲೀಟರ್ ಹಾಲಿಗೂ ಲೆಕ್ಕವಿದೆ. ಫ್ಯಾಟ್ ಎಷ್ಟು ಬಂತೆಂದು ನೋಡದೆ ನೀವು ಮನೆಗೆ ಹೋಗುವುದಿಲ್ಲ. ಆದರೆ ದಿನಾ ಬೆಳಿಗ್ಗೆ ಬುಟ್ಟಿಯಲ್ಲಿ ಹೊತ್ತು ತಿಪ್ಪೆಗೆ ಸುರಿಯುವ ಸಗಣಿಯ ಲೆಕ್ಕ ಯಾರ ಬಳಿ ಇದೆ? ಒಂದು ದೊಡ್ಡ ಹಸು ದಿನಕ್ಕೆ ಕಡಿಮೆಯೆಂದರೂ 10 ಕೆ.ಜಿ. ಸಗಣಿ ಹಾಕುತ್ತದೆ. ಎರಡು ಹಸುಗಳಿದ್ದರೆ ವರ್ಷಕ್ಕೆ 7 ಟನ್ ದಾಟುತ್ತದೆ. ಹೊರುವವರು ನೀವು. ಟ್ರ್ಯಾಕ್ಟರ್ ಬಂದಾಗ ದರ ಮಾತಾಡುವವರು, ಹಣ ಎಣಿಸುವವರು ಬಹಳ ಮನೆಗಳಲ್ಲಿ ಬೇರೆಯವರು.

ಮಾರಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಕುಳ್ಳು ತಟ್ಟುವುದೂ ಕೆಲವರಿಗೆ ಅನಿವಾರ್ಯ. ಆದರೆ ಒಂದು ಪಾಲು ನಿಮ್ಮ ಹೆಸರಿನಲ್ಲಿ, ನಿಮ್ಮ ಹಿತ್ತಲಿಗೆ ಉಳಿಯಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ತೋರಣಗಲ್ಲಿನ ಬಿಸಿಲಿನಲ್ಲಿ ಬಯಲು ತಿಪ್ಪೆ ಎಂದರೆ ನಷ್ಟವೇ. ಸಗಣಿ ಒಣಗುತ್ತದೆ, ಸಾರಜನಕ ಗಾಳಿಗೆ ಹೋಗುತ್ತದೆ, ಉಳಿದದ್ದನ್ನು ಮಳೆ ತೊಳೆಯುತ್ತದೆ. ಮೇಲಾಗಿ ತಿಪ್ಪೆಯಲ್ಲಿ ಹುಟ್ಟುವ ನೊಣಗಳು ಕೊಟ್ಟಿಗೆಗೇ ಬರುತ್ತವೆ. ಚರ್ಮಗಂಟು ರೋಗವನ್ನು ಹರಡುವುದರಲ್ಲಿ ಕಚ್ಚುವ ನೊಣಗಳ ಪಾಲು ದೊಡ್ಡದು.

ಇದಕ್ಕೆ ನಮ್ಮ ನಾಡಿನದೇ ಉಪಾಯವಿದೆ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ.ಎನ್. ಆಚಾರ್ಯ ಅವರು ರೂಪಿಸಿದ ‘ಬೆಂಗಳೂರು ವಿಧಾನ’. ಬೇರೆ ವಿಧಾನಗಳಲ್ಲಿ ರಾಶಿಯನ್ನು ಮತ್ತೆ ಮತ್ತೆ ತಿರುವಿ ಹಾಕಬೇಕು, ನೀರು ಚಿಮುಕಿಸುತ್ತಿರಬೇಕು. ಇದರಲ್ಲಿ ಆ ದುಡಿಮೆ ಇಲ್ಲ, ನೀರೂ ಕಡಿಮೆ ಸಾಕು. ಹಾಲು ಕರೆದು, ಮೇವು ತಂದು, ಕೂಲಿಗೂ ಹೋಗುವ ಹೆಣ್ಣುಮಗಳಿಗೆ ಇದೇ ಸರಿ.

ಬೇವಿನ ನೆರಳಿನಲ್ಲಿ, ನೀರು ನಿಲ್ಲದ ಕಡೆ 6 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಗುಂಡಿ ಸಾಕು. ಕುಡಿಯುವ ನೀರಿನ ಬೋರ್‌ವೆಲ್‌ನಿಂದ ದೂರವಿರಲಿ. ಹಸು ತಿಂದುಳಿಸಿದ ಜೋಳದ ದಂಟು, ಶೇಂಗಾ ಹೊಟ್ಟು, ಒಣ ಎಲೆಗಳನ್ನು ಅರ್ಧ ಅಡಿ ಹರಡಿ. ಮೇಲೆ ಸಗಣಿ ರಾಡಿ, ಗಂಜಲ ಹಾಕಿ ನೆನೆಸಿ. ಅದರ ಮೇಲೆ ತೆಳುವಾಗಿ ಮಣ್ಣು. ಹೀಗೆ ಪದರ ಪದರವಾಗಿ ನೆಲದಿಂದ ಒಂದು ಅಡಿ ಮೇಲೆ ಬರುವಂತೆ ತುಂಬಿ, ಮಣ್ಣು-ಸಗಣಿ ಕಲಸಿ ಮೆತ್ತಿಬಿಡಿ. 6ರಿಂದ 8 ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ. ಗುಂಡಿ ತೋಡುವ ಕೆಲಸ ಮನೆಯ ಗಂಡಸರದಾಗಲಿ, ಗೊಬ್ಬರ ನಿಮ್ಮದಾಗಲಿ.

ಪಶುವೈದ್ಯಳಾಗಿ ಒಂದು ಮಾತು ಒತ್ತಿ ಹೇಳುತ್ತೇನೆ. ಕಂದು ಹಾಕಿದ ಹಸುವಿನ ಮಾಸು, ಸತ್ತ ಕರು ಇವನ್ನು ಗೊಬ್ಬರದ ಗುಂಡಿಗೆ ಹಾಕಲೇಬೇಡಿ, ಬರಿಗೈಯಲ್ಲಿ ಮುಟ್ಟಲೂಬೇಡಿ. ಅದು ಬ್ರುಸೆಲ್ಲೋಸಿಸ್ ಆಗಿದ್ದರೆ ನಿಮಗೂ ತಗುಲಿ, ಬಿಟ್ಟು ಬಿಟ್ಟು ಜ್ವರ, ಕೀಲುನೋವು ಬರುತ್ತದೆ. ಅವನ್ನು ಬೇರೆ ಕಡೆ ಆಳವಾಗಿ, ಸುಣ್ಣ ಹಾಕಿ ಹೂಳಿ, ನಮಗೆ ತಿಳಿಸಿ. ಹೆಣ್ಣುಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಲಸಿಕೆ ಹಾಕಿಸಿ. ಇಂಜೆಕ್ಷನ್ ಸೂಜಿ, ಔಷಧದ ಬಾಟಲಿ, ಪ್ಲಾಸ್ಟಿಕ್, ಕಲ್ಲಿದ್ದಲ ಬೂದಿ ಕೂಡ ಗುಂಡಿಗೆ ಬೇಡ.

ಆ ಗೊಬ್ಬರದಲ್ಲಿ ಮೆಂತ್ಯ, ಬದನೆ, ಎರಡು ನುಗ್ಗೆ ಗಿಡ ಬೆಳೆದರೆ ಸಂತೆಯ ಖರ್ಚು ಇಳಿಯುತ್ತದೆ. ಬಚ್ಚಲ ನೀರು ಹರಿಯುವಲ್ಲಿ ಒಂದು ಸಾಲು ನೇಪಿಯರ್ ಹುಲ್ಲು ಹಚ್ಚಿದರೆ ಹಸುವಿಗೂ ಹಸಿರು ಮೇವು. ಮಿಕ್ಕ ಗೊಬ್ಬರ ಮಾರಿದರೆ, ಎಷ್ಟು ಬುಟ್ಟಿ, ಎಷ್ಟು ರೂಪಾಯಿ ಎಂದು ಹಾಲಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಆ ಹಣ ನಿಮ್ಮ ಖಾತೆಗೇ ಹೋಗಲಿ.